ಹವಳಕ್ಕೆ ಉಸಿರು ಕೊಟ್ಟ ಕೈಗಳು

ನಮ್ಮಲ್ಲಿ ಹವಳವೆಂದರೆ ಸರಕ್ಕೆ ಪೋಣಿಸುವ ಕೆಂಪು ಮಣಿ, ಇಲ್ಲವೆ ಜೋಯಿಸರು ಹೇಳಿದರೆಂದು ಉಂಗುರದಲ್ಲಿ ಕೂರಿಸಿಕೊಳ್ಳುವ ಕಲ್ಲು. ಅದು ಒಂದು ಪ್ರಾಣಿ ಕಟ್ಟಿಕೊಂಡ ಗೂಡು ಎಂಬುದು ನಮಗೆ ನೆನಪಾಗುವುದೇ ಕಡಿಮೆ. ಆ ಪ್ರಾಣಿಯನ್ನು ಕಡಲಿನಿಂದ ದೂರದ ಮನೆಯೊಳಗೆ ಬದುಕಿಸಿಕೊಳ್ಳಲು ಏನು ಬೇಕು ಎಂಬ ಪ್ರಶ್ನೆಗೆ ಮೊದಮೊದಲು ಉತ್ತರ ಕಂಡುಕೊಂಡವರಲ್ಲಿ ಅನ್ನಾ ಥಿನ್ ಒಬ್ಬಳು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನ ಪಾದ್ರಿಯೊಬ್ಬರ ಹೆಂಡತಿ ಈಕೆ.

1846ರಲ್ಲಿ ಆಕೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಟಾರ್ಕಿಯಲ್ಲಿ ಕೆಲವು ಹವಳಗಳನ್ನು ಸಂಗ್ರಹಿಸಿದಳು. ಸುತ್ತಲೂ ನೀರು ಆಡಲಿ ಎಂದು ಅವುಗಳನ್ನು ಸೂಜಿ ದಾರದಿಂದ ದೊಡ್ಡದೊಂದು ಸ್ಪಂಜಿಗೆ ಹೊಲಿದಳು. ಲಂಡನ್ನಿಗೆ ತಂದ ಮೇಲೆ ದಿನ ಬಿಟ್ಟು ದಿನ ಹೊಸ ಸಮುದ್ರದ ನೀರು ಬದಲಿಸುತ್ತಿದ್ದಳು. ಆದರೆ ರಾಜಧಾನಿಯಲ್ಲಿ ಸಮುದ್ರದ ನೀರು ಎಲ್ಲಿಂದ ಬರಬೇಕು? ತರಿಸಿದ್ದು ಮುಗಿಯತೊಡಗಿತು.

ಹವಳಕ್ಕೆ ಶ್ವಾಸಕೋಶವಿಲ್ಲ, ಕಿವಿರಿಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಮೈಯಿಂದಲೇ ಹೀರಬೇಕು. ನಿಂತ ನೀರು ಕೆಟ್ಟರೆ ಅದು ಬಾಹುಗಳನ್ನು ಒಳಗೆಳೆದು ಮುದುಡುತ್ತದೆ; ಹಾಗೆಯೇ ಬಿಟ್ಟರೆ ಮಾಂಸ ಕರಗಿ ಬರಿಯ ಸುಣ್ಣದ ಗೂಡು ಉಳಿಯುತ್ತದೆ. ಆಗ ಥಿನ್ ಹೂಡಿದ ಉಪಾಯ ಸರಳವಾದದ್ದು. ಬಳಸಿದ ನೀರನ್ನೇ ತೆರೆದ ಕಿಟಕಿಯ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಸುರಿಯುವುದು. ನಮ್ಮವರು ಕಾಫಿ ಆರಿಸುವ ಹಾಗೆ. ಗಾಳಿ ಬೆರೆತು ನೀರು ಮತ್ತೆ ಜೀವಕ್ಕೆ ಒಗ್ಗುವಂತಾಗುತ್ತಿತ್ತು.

ಸುರಿಯುತ್ತಿದ್ದವಳು ಮನೆಗೆಲಸದ ಹುಡುಗಿ. ಅದು ದಣಿವಿನ ಕೆಲಸವೆಂದು ಒಪ್ಪಿಕೊಂಡ ಯಜಮಾನಿ, ಹುಡುಗಿಗೆ ಅದು ಆಟದಂತಿತ್ತು ಎಂದೂ ಬರೆದಿದ್ದಾಳೆ. ಹುಡುಗಿಯನ್ನು ಕೇಳಿದ್ದರೆ ಏನು ಹೇಳುತ್ತಿದ್ದಳೋ! ಆ ವೃತ್ತಾಂತದಲ್ಲಿ ಅವಳ ಹೆಸರಿಲ್ಲ.

1847ರಲ್ಲಿ ಥಿನ್ ಕಡಲ ಪಾಚಿಯನ್ನು ತರಿಸಿ ಅದೇ ನೀರಿನಲ್ಲಿಟ್ಟಳು. ಬೆಳಕಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ. ಹುಡುಗಿಯ ತೋಳಿನ ಕೆಲಸದ ಒಂದು ಪಾಲನ್ನು ಅದು ವಹಿಸಿಕೊಂಡಿತು. ಹವಳಗಳು ಸುಮಾರು ಮೂರು ವರ್ಷ ಬದುಕಿದವು, ಮರಿಗಳನ್ನೂ ಹಾಕಿದವು. ಆ ಅನುಭವ 1859ರಲ್ಲಿ ಪ್ರಾಣಿಶಾಸ್ತ್ರಜ್ಞ ಫಿಲಿಪ್ ಹೆನ್ರಿ ಗಾಸ್‌ನ ಟಿಪ್ಪಣಿಗಳೊಂದಿಗೆ ಅಚ್ಚಾಯಿತು. ಅದೃಷ್ಟವೂ ಆಕೆಯ ಕಡೆಗಿತ್ತು. ಅದು ತಣ್ಣನೆಯ ಕಡಲಿನ ಹವಳ. ಉಷ್ಣವಲಯದ ದಿಬ್ಬ ಕಟ್ಟುವ ಹವಳದ ಮೈಯೊಳಗೆ ಪಾಚಿಯ ಕಣಗಳು ವಾಸಿಸಿ ಅದಕ್ಕೆ ಉಣಿಸುತ್ತವೆ. ಪ್ರಖರ ಬೆಳಕಿಲ್ಲದೆ ಅದು ಬದುಕದು. ಲಂಡನ್ನಿನ ಮಬ್ಬಿನಲ್ಲಿ ಅದು ಬೇಗನೆ ಸಾಯುತ್ತಿತ್ತು. ಆ ಬಗೆಯ ಹವಳವನ್ನು ತೊಟ್ಟಿಯಲ್ಲಿ ಸಾಕುವ ಸುಲಭ ವಿಧಾನವನ್ನು ಜಕಾರ್ತದ ಲೀ ಚಿನ್ ಎಂಗ್ 1961ರಲ್ಲಿ ಪ್ರಕಟಿಸಿದ. ಸಮುದ್ರದಿಂದ ತಂದ ಜೀವಂತ ಕಲ್ಲು, ಬಿಸಿಲು, ಏಳುವ ಗಾಳಿಗುಳ್ಳೆ, ಇಷ್ಟೇ ಅವನ ಸಾಧನ. ಹುಡುಗಿಯ ಕೆಲಸ ಈಗ ಗಾಳಿಯ ಪಂಪಿನದಾಯಿತು.

ಈ ಕತೆಗೆ ಇನ್ನೊಂದು ಮುಖವಿದೆ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮತ್ಸ್ಯಗೃಹ ತೆರೆಯಿತು. ಮರುವರ್ಷ ಗಾಸ್‌ನ ಅಕ್ವೇರಿಯಂ ಕುರಿತ ಪುಸ್ತಕ ಬಂತು. ಮನೆಯಲ್ಲಿ ಕಡಲನ್ನು ಸಾಕುವ ಹುಚ್ಚು ಹಬ್ಬಿತು. ಜನ ಬುಟ್ಟಿ, ಉಳಿ ಹಿಡಿದು ತೀರಕ್ಕೆ ಇಳಿದರು. ಬಂಡೆಗಳ ನಡುವಿನ ಹೊಂಡಗಳು ಬರಿದಾದವು. ಇದು ತಂದೆಯನ್ನು ಕೊರೆದ ನೋವೆಂದು ಮಗ ಎಡ್ಮಂಡ್ ಗಾಸ್ 1907ರಲ್ಲಿ ಬರೆದ.

ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ನಮ್ಮಲ್ಲೂ ಹವಳಗಳಿವೆ. 2001ರಿಂದ ಕಲ್ಲುಹವಳಗಳನ್ನು ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಗೆ ಸೇರಿಸಲಾಗಿದೆ; ಕಿತ್ತು ತರುವುದು ಅಪರಾಧ. ಇದು ಸರಿಯೇ ಎನಿಸುತ್ತದೆ. ಒಂದು ಹವಳ ಮನೆಯಲ್ಲಿ ಬದುಕಲು ಒಬ್ಬ ಹುಡುಗಿ ಕಿಟಕಿಯ ಮುಂದೆ ನಿಂತು ಅಷ್ಟು ಹೊತ್ತು ನೀರು ಸುರಿಯಬೇಕಾಯಿತು. ಅಲೆ ಆ ಕೆಲಸವನ್ನು ಯಾರ ತೋಳನ್ನೂ ನೋಯಿಸದೆ ಹಗಲೂ ರಾತ್ರಿ ಮಾಡುತ್ತಿರುತ್ತದೆ.