ಬೇಲಿಯಿಲ್ಲದ ಹೊಲಗಳ ಊರು ಲ್ಯಾಕ್ಸ್‌ಟನ್

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಪ್ರಾಂತ್ಯದಲ್ಲಿರುವ ಲ್ಯಾಕ್ಸ್‌ಟನ್ ಕೆಲವೇ ನೂರು ಜನ ವಾಸಿಸುವ ಪುಟ್ಟ ಗ್ರಾಮ. ಒಂದು ಚರ್ಚು, ಒಂದು ಪಾನಗೃಹ, ಬೀದಿಯ ಇಕ್ಕೆಲಗಳಲ್ಲಿ ಕೆಂಪು ಇಟ್ಟಿಗೆಯ ರೈತಮನೆಗಳು. ಮೇಲ್ನೋಟಕ್ಕೆ ಇಲ್ಲಿ ವಿಶೇಷವೇನೂ ಕಾಣದು. ಆದರೆ ಊರಾಚೆ ಹೆಜ್ಜೆಯಿಟ್ಟರೆ ಬೇಲಿಯಿಲ್ಲದ ವಿಶಾಲ ಹೊಲಗಳು ಎದುರಾಗುತ್ತವೆ. ಮಧ್ಯಯುಗದ ಸಾಮೂಹಿಕ ಬೇಸಾಯ ಪದ್ಧತಿ, ಅದನ್ನು ನಿಯಂತ್ರಿಸುವ ನ್ಯಾಯಸಭೆಯೊಡನೆ, ಇಂದಿಗೂ ಉಳಿದುಬಂದಿರುವುದು ಇಡೀ ಇಂಗ್ಲೆಂಡಿನಲ್ಲಿ ಈ ಊರಿನಲ್ಲಿ ಮಾತ್ರ.

ಮೂರು ಹೊಲ, ಮೂರು ಸರದಿ

ಗ್ರಾಮದ ಹೆಸರು 1086ರ ಡೂಮ್ಸ್‌ಡೇ ಭೂದಾಖಲೆಯಲ್ಲಿಯೇ ಕಂಡುಬರುತ್ತದೆ. ನಾರ್ಮನ್ನರು ಇಲ್ಲಿ ಕಟ್ಟಿದ ಕೋಟೆಯ ಮಣ್ಣಿನ ದಿಬ್ಬ ಊರಿನ ಉತ್ತರಕ್ಕೆ ಈಗಲೂ ಇದೆ. ಮಿಲ್ ಫೀಲ್ಡ್, ಸೌತ್ ಫೀಲ್ಡ್ ಹಾಗೂ ವೆಸ್ಟ್ ಫೀಲ್ಡ್ ಎಂಬುವು ಇಲ್ಲಿನ ಮೂರು ದೊಡ್ಡ ಹೊಲಗಳು. ಪ್ರತಿಯೊಂದೂ ಉದ್ದನೆಯ ಪಟ್ಟಿಗಳಾಗಿ ವಿಂಗಡಣೆಯಾಗಿದ್ದು, ಒಬ್ಬ ರೈತನ ಪಟ್ಟಿಗಳು ಮೂರೂ ಹೊಲಗಳಲ್ಲಿ ಹಂಚಿಹೋಗಿರುತ್ತವೆ. ಫಲವತ್ತಾದ ನೆಲವೂ ಬಡ ನೆಲವೂ ಎಲ್ಲರ ಪಾಲಿಗೆ ಬರಲೆಂಬುದು ಇದರ ಹಿಂದಿನ ನ್ಯಾಯ.

ಒಂದು ಹೊಲದಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತಕಾಲದ ಬೆಳೆ, ಮೂರನೆಯದು ಪಾಳು. ಮರುವರ್ಷ ಸರದಿ ಬದಲಾಗುತ್ತದೆ. ಪಾಳು ಬಿಟ್ಟ ಹೊಲದಲ್ಲಿ ಹಿಂದೆ ಊರಿನ ದನಕುರಿಗಳು ಮೇಯುತ್ತಿದ್ದವು. ಇತ್ತೀಚಿನ ದಶಕಗಳಲ್ಲಿ ಅಲ್ಲಿ ಮೇವಿನ ಬೆಳೆ ತೆಗೆಯುವುದೂ ಉಂಟು. ಉಳಲಾಗದ ತಗ್ಗಿನ ಹುಲ್ಲುನೆಲಗಳಿಗೆ 'ಸೈಕ್' ಎಂದು ಹೆಸರು. ಇಲ್ಲಿನ ಹುಲ್ಲನ್ನು ರೈತರ ನಡುವೆಯೇ ಹರಾಜು ಹಾಕುವ ಸಂಪ್ರದಾಯವಿದೆ. ನೇಗಿಲು ತಾಗದ ಈ ನೆಲದಲ್ಲಿ ಬೇರೆಡೆ ಅಪರೂಪವಾದ ಕಾಡುಹೂಗಳು ಉಳಿದುಕೊಂಡಿವೆ.

1635ರ ನಕ್ಷೆ

ಲಂಡನ್ನಿನ ವರ್ತಕ ಸರ್ ವಿಲಿಯಂ ಕೋರ್ಟೀನ್ ಈ ಊರನ್ನು ಕೊಂಡ ಮೇಲೆ, 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಭೂಮಾಪಕನಿಂದ ಒಂದು ದೊಡ್ಡ ನಕ್ಷೆಯನ್ನು ಬರೆಸಿದನು. ಪ್ರತಿಯೊಂದು ಪಟ್ಟಿಯೂ ಅದರಲ್ಲಿ ಗುರುತಾಗಿದೆ. ಉಳುವವರ ಹಾಗೂ ಬೇಟೆಯಾಡುವವರ ಪುಟ್ಟ ಚಿತ್ರಗಳೂ ಇವೆ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿರುವ ಈ ನಕ್ಷೆಯಿಂದ ಅಂದಿನ ಹಾಗೂ ಇಂದಿನ ಲ್ಯಾಕ್ಸ್‌ಟನ್ನನ್ನು ಹೋಲಿಸಿ ನೋಡಲು ಸಾಧ್ಯವಾಗಿದೆ.

18 ಮತ್ತು 19ನೇ ಶತಮಾನಗಳಲ್ಲಿ ಪಾರ್ಲಿಮೆಂಟಿನ ಕಾಯ್ದೆಗಳ ಬಲದಿಂದ ಇಂಗ್ಲೆಂಡಿನ ಸಾಮೂಹಿಕ ಹೊಲಗಳಿಗೆ ಬೇಲಿ ಬಿದ್ದಿತು. ಬೇಸಾಯದ ಇಳುವರಿ ಹೆಚ್ಚಿತಾದರೂ ಸಣ್ಣ ರೈತರೂ ಕೂಲಿಕಾರರೂ ಮೇವಿನ ಹಕ್ಕನ್ನು ಕಳೆದುಕೊಂಡರು. ಲ್ಯಾಕ್ಸ್‌ಟನ್ ಈ ಬದಲಾವಣೆಯಿಂದ ಪೂರ್ತಿ ಪಾರಾಗಲಿಲ್ಲ. ಅಂಚಿನ ಜಮೀನುಗಳಿಗೆ ಬೇಲಿ ಬಂತು. 20ನೇ ಶತಮಾನದ ಆರಂಭದಲ್ಲಿ ಚಿಕ್ಕ ಪಟ್ಟಿಗಳನ್ನು ಕೂಡಿಸಿ ದೊಡ್ಡದು ಮಾಡಲಾಯಿತು. ಆದರೆ ಮೂರು ಹೊಲಗಳ ನಡುಭಾಗ ಉಳಿಯಿತು. ಇಲ್ಲಿನ ದೊಡ್ಡ ಭೂಮಾಲೀಕರ ನಡುವೆ ಒಮ್ಮತ ಮೂಡದಿದ್ದುದು ಇದಕ್ಕೆ ಮುಖ್ಯ ಕಾರಣವೆಂದು ಹೇಳಲಾಗುತ್ತದೆ.

ಪಂಚರ ನಡಿಗೆ

ಬೇಲಿಯಿಲ್ಲದ ಹೊಲದಲ್ಲಿ ಗಡಿಯನ್ನು ಕಾಯುವವರು ಯಾರು? ಅದಕ್ಕಾಗಿಯೇ ಇರುವುದು 'ಕೋರ್ಟ್ ಲೀಟ್' ಎಂಬ ಊರ ನ್ಯಾಯಸಭೆ. ನವೆಂಬರ್ ಕೊನೆಯ ವಾರದಲ್ಲಿ ರೈತರಿಂದಲೇ ಆಯ್ಕೆಯಾದ ಪಂಚರು ಗೋಧಿ ಬಿತ್ತಿದ ಹೊಲದಲ್ಲಿ ನಡೆದು ಪಟ್ಟಿಗಳ ಗಡಿಗೆ ಗೂಟ ನೆಡುತ್ತಾರೆ. ದಾರಿಯನ್ನೋ ಹುಲ್ಲುನೆಲವನ್ನೋ ಒತ್ತಿ ಉತ್ತವರನ್ನು ಗುರುತು ಹಾಕಿಕೊಳ್ಳುತ್ತಾರೆ. ಸುಮಾರು ಒಂದು ವಾರದ ಬಳಿಕ ಡವ್‌ಕೋಟ್ ಇನ್ ಪಾನಗೃಹದಲ್ಲಿ ಸಭೆ ಸೇರಿ, ತಪ್ಪಿತಸ್ಥರಿಗೆ ಸಣ್ಣ ದಂಡ ವಿಧಿಸಿ, ಮುಂದಿನ ಪಂಚರನ್ನು ನೇಮಿಸಲಾಗುತ್ತದೆ. ದಂಡದ ಮೊತ್ತ ಅತ್ಯಲ್ಪ. ನೆರೆಹೊರೆಯವರ ಮುಂದೆ ತಲೆತಗ್ಗಿಸುವುದೇ ನಿಜವಾದ ಶಿಕ್ಷೆ. 1977ರ ನ್ಯಾಯಾಡಳಿತ ಕಾಯ್ದೆಯು ದೇಶದ ಇತರ ಇಂತಹ ಸಭೆಗಳ ಅಧಿಕಾರವನ್ನು ರದ್ದುಪಡಿಸಿದರೂ ಲ್ಯಾಕ್ಸ್‌ಟನ್ ಸಭೆಗೆ ಮಾತ್ರ ವಿನಾಯಿತಿ ನೀಡಿತು.

ಕೈ ಬದಲಾದ ಒಡೆತನ

ಇಲ್ಲಿನ ರೈತರು ಬಹುಮಟ್ಟಿಗೆ ಗೇಣಿದಾರರು. ಆದ್ದರಿಂದ ಊರಿನ ಭವಿಷ್ಯ ಸದಾ ಒಡೆಯನ ಮನಸ್ಸನ್ನು ಅವಲಂಬಿಸಿದೆ. 1952ರಲ್ಲಿ ಅರ್ಲ್ ಮ್ಯಾನ್ವರ್ಸ್ ಊರನ್ನು ಕೃಷಿ ಸಚಿವಾಲಯಕ್ಕೆ ಮಾರಿದರು. ಪದ್ಧತಿಯನ್ನು ಉಳಿಸುವುದೇ ಅದರ ಉದ್ದೇಶವಾಗಿತ್ತು. 1981ರಲ್ಲಿ ಸರ್ಕಾರ ಅದನ್ನು ಕ್ರೌನ್ ಎಸ್ಟೇಟ್‌ಗೆ ವಹಿಸಿತು. 2020ರಲ್ಲಿ ಮ್ಯಾನ್ವರ್ಸ್ ವಂಶದ ನಂಟುಳ್ಳ ಥೋರ್ಸ್‌ಬಿ ಎಸ್ಟೇಟ್ ಊರನ್ನು ಮರಳಿ ಕೊಂಡಿತು.

ಮ್ಯೂಸಿಯಂನ ವಸ್ತುವನ್ನು ಗಾಜಿನೊಳಗಿಟ್ಟು ಕಾಪಾಡಬಹುದು. ಲ್ಯಾಕ್ಸ್‌ಟನ್ನಿನ ಪದ್ಧತಿಗೆ ಅದು ಸಾಲದು. ಅಲ್ಲಿ ಉಳುವ ಕೈಗಳು ಬೇಕು, ಪಂಚರಾಗಿ ನಿಲ್ಲಲು ಸಾಕಷ್ಟು ರೈತರು ಬೇಕು. ಯಂತ್ರಗಳು ದೊಡ್ಡದಾದಂತೆ ರೈತಕುಟುಂಬಗಳ ಸಂಖ್ಯೆ ಹಿಂದಿಗಿಂತ ಕಡಿಮೆಯಾಗಿದೆ. ಸಣ್ಣ ಹಿಡುವಳಿಯಿಂದ ಜೀವನ ಸಾಗಿಸುವುದೂ ಕಷ್ಟ. ಗೂಟ ನೆಡುವ ಮಂದಿ ಇರುವವರೆಗೆ ಮಾತ್ರ ಈ ಹೊಲಗಳು ಬೇಲಿಯಿಲ್ಲದೆ ಉಳಿದಾವು.