ಮರೆವಿನ ರೋಗಕ್ಕೆ ಮನೆಯವರು ಕೊಟ್ಟ ದನಿ

1901ರಲ್ಲಿ ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆ ಸೇರಿದ ಆಗಸ್ಟೆ ಡೇಟರ್‌ಗೆ ಆಗ 51 ವರ್ಷ. ತನ್ನ ಹೆಸರು ಬರೆಯಲೂ ತಡಕಾಡುತ್ತಿದ್ದ ಆಕೆಯನ್ನು ವೈದ್ಯ ಅಲೋಯಿಸ್ ಆಲ್‌ಝೈಮರ್ ಪರೀಕ್ಷಿಸಿದರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಡಿ ನೋಡಿ, ಅಲ್ಲಿ ಕಂಡ ವಿಕಾರಗಳನ್ನು ನವೆಂಬರಿನಲ್ಲಿ ಟ್ಯೂಬಿಂಗೆನ್‌ನ ವೈದ್ಯಸಭೆಯ ಮುಂದಿಟ್ಟರು. ಸಭೆ ಆಸಕ್ತಿ ತೋರಲಿಲ್ಲ. 1910ರಲ್ಲಿ ಎಮಿಲ್ ಕ್ರೇಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ರೋಗಕ್ಕೆ ಆಲ್‌ಝೈಮರರ ಹೆಸರಿಟ್ಟರೂ, ದಶಕಗಟ್ಟಲೆ ಅದು ನಡುವಯಸ್ಸಿನವರ ಅಪರೂಪದ ಕಾಯಿಲೆಯಾಗಿಯೇ ಉಳಿಯಿತು. ಮುದುಕರ ಮರೆವನ್ನು ಮುಪ್ಪಿನ ಅರಳುಮರಳು ಎಂದು ಬದಿಗಿಟ್ಟರು; ಅವರನ್ನು ನೋಡಿಕೊಳ್ಳುವ ಹೆಂಡತಿ, ಮಗಳು, ಸೊಸೆಯರ ದುಡಿಮೆ ಯಾರ ಲೆಕ್ಕಕ್ಕೂ ಬರಲಿಲ್ಲ. ನಡುವಯಸ್ಸಿನ ಆ ಕಾಯಿಲೆಯೂ ಮುದುಕರ ಈ ಮರೆವೂ ಒಂದೇ ರೋಗವೆಂದು ನರರೋಗ ತಜ್ಞ ರಾಬರ್ಟ್ ಕಾಟ್ಜ್‌ಮನ್ ಗಟ್ಟಿಯಾಗಿ ವಾದಿಸಿದ್ದು 1976ರಲ್ಲಿ.

ಆದರೆ ಜನರ ಅರಿವು ವೈದ್ಯರ ಬರಹದಿಂದಷ್ಟೇ ಬೆಳೆಯಲಿಲ್ಲ. 1980ರಲ್ಲಿ ಅಮೆರಿಕದಲ್ಲಿ ಆಲ್‌ಝೈಮರ್ ಸಂಘ ಕಟ್ಟುವಾಗ ರೋಗಿಗಳ ಮನೆಯವರೇ ಮುಂದೆ ನಿಂತರು; 1992ರಲ್ಲಿ ಕೇರಳದಲ್ಲಿ ಭಾರತದ ಇಂಥದೇ ಸಂಸ್ಥೆ ಹುಟ್ಟಿತು. ಆದರೂ, ಗುಣಪಡಿಸುವ ಮದ್ದಿಲ್ಲದ ಮೇಲೆ ಮುದುಕರ ಮರೆವನ್ನು ರೋಗವೆಂದು ಕರೆದು ಫಲವೇನು, ಇದು ಮುಪ್ಪನ್ನೇ ಕಾಯಿಲೆ ಮಾಡಿದಂತಲ್ಲವೇ ಎಂಬ ಆಕ್ಷೇಪವಿದೆ. ಮರೆವೆಲ್ಲ ರೋಗವಲ್ಲ, ಒಪ್ಪೋಣ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಗಳೂ ಮರೆವು ತರುತ್ತವೆ, ಅವಕ್ಕೆ ಚಿಕಿತ್ಸೆಯಿದೆ. ಮರೆವಿಗೆ ಕಾರಣ ಯಾವುದೆಂದು ಪರೀಕ್ಷಿಸದೆ ತಿಳಿಯುವುದು ಹೇಗೆ? ರೋಗವೆಂದು ಗೊತ್ತಾದ ಮನೆಯಲ್ಲಿ, ಕೇಳಿದ್ದನ್ನೇ ಕೇಳುವ ಅತ್ತೆಯನ್ನು ಹಟಮಾರಿಯೆಂದು ಗದರುವ ಕಾರಣವೂ ಉಳಿಯದು. ಭಾರತದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ಆಲ್‌ಝೈಮರ್ ಸೇರಿದಂತೆ ಮರೆವಿನ ಕಾಯಿಲೆಗಳು) ಇದೆಯೆಂದು ಅಂದಾಜು. ನಿಮ್ಮ ಮನೆಯ ಹಿರಿಯರ ಮರೆವು ದಿನಚರಿಯನ್ನೇ ಕೆಡಿಸುತ್ತಿದ್ದರೆ, ವಯಸ್ಸಾಯಿತೆಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಿ. ಅವರ ಆರೈಕೆಯನ್ನು ಒಬ್ಬರ ಹೆಗಲಿಗೇ ಬಿಡಬೇಡಿ.