ಗುಂಬಜಿನೊಳಗಿನ ಅಮಾನತ್

ಕಳೆದ ತಿಂಗಳ ಒಂದು ಜುಮಾದಲ್ಲಿ ನಮ್ಮ ಜಗತ್ ಭಾಗದ ಮಸೀದಿಯ ಖತೀಬರು ಅಮಾನತ್ ಕುರಿತು ಖುತ್ಬಾ ನೀಡಿದರು. ಕಚೇರಿಯ ಕನ್ನಡದಲ್ಲಿ ‘ಅಮಾನತು’ ಎಂದರೆ ನೌಕರನನ್ನು ಕೆಲಸದಿಂದ ದೂರ ಇಡುವುದು. ದೀನಿನ ಮಾತಿನಲ್ಲಿ ಅದರ ಅರ್ಥ ಬೇರೆ. ಒಬ್ಬರು ನಂಬಿ ನಮ್ಮ ಕೈಗೆ ಒಪ್ಪಿಸಿದ್ದು ಅಮಾನತ್. ಅದನ್ನು ಕೆಡದಂತೆ ಕಾಪಾಡಿ ಹಕ್ಕುದಾರನಿಗೆ ಮುಟ್ಟಿಸುವುದು ನಮ್ಮ ಹೊಣೆ. ಖುತ್ಬಾ ಕೇಳಿ ತಲೆಯಾಡಿಸಿದೆವು. ಅದು ಮನಸ್ಸಿಗೆ ಇಳಿದದ್ದು ಎರಡು ದಿನ ಬಿಟ್ಟು, ರವಿವಾರ, ನಗರದ ವಸ್ತುಸಂಗ್ರಹಾಲಯದಲ್ಲಿ.

ಅಂದು ಜಗತ್ ವೃತ್ತದಲ್ಲಿ ನಾವು ಎಂಟು ಜನ ಕೂಡಿದೆವು. ಕಮಲಾಪುರದಿಂದ ಬಂದ ಇಬ್ಬರು ಗೆಳೆಯರ ಕೈಯಲ್ಲಿ ಅವರ ಊರಿನ ಹೆಸರಾಂತ ಕೆಂಪು ಬಾಳೆಹಣ್ಣಿನ ಚೀಲ. ನಮ್ಮ ಹಾಫಿಜ್ ಸಾಹೇಬರು ಇದ್ದರು. ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದ ಮಾಸ್ತರರು ಇದ್ದರು. ಜೊತೆಗೆ ಹೈಸ್ಕೂಲಿನ ಮೂವರು ಹುಡುಗರು. ಸೇಡಂ ರಸ್ತೆಯ ಕಡೆಗೆ ಆಟೋ ಹಿಡಿದೆವು.

ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯ ಇರುವುದು ಬಹಮನಿ ಕಾಲದ ಗುಂಬಜುಗಳಲ್ಲಿ. ಹೊರಗೆ ಕಮಾನು, ಮೇಲೆ ದುಂಡನೆಯ ಗುಮ್ಮಟ. ಒಳಗೆ ಸನ್ನತಿಯ ಬೌದ್ಧ ಶಿಲ್ಪಗಳು, ಜೈನ ತೀರ್ಥಂಕರರ ಮೂರ್ತಿಗಳು, ವೀರಗಲ್ಲುಗಳು. ಹುಡುಗರಲ್ಲಿ ಒಬ್ಬ ಬಾಗಿಲಲ್ಲೇ ನಿಂತುಬಿಟ್ಟ.

“ಚಾಚಾ, ಇದು ನಮ್ಮವರ ಗುಂಬಜ್ ಅದ. ಇದರಾಗ ಬ್ಯಾರೆಯವರ ಮೂರ್ತಿ ಯಾಕ ಇಟ್ಟಾರ?”

ಆ ಪ್ರಶ್ನೆಗೆ ನಮ್ಮಲ್ಲಿ ತಕ್ಷಣ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ, ಅದೇ ಪ್ರಶ್ನೆ ದೊಡ್ಡವರಾದ ನಮ್ಮ ಮನಸ್ಸಿನಲ್ಲೂ ಸುಳಿದಿತ್ತು.

ಹಾಫಿಜ್ ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟರು. “ಮೊನ್ನೆ ಖುತ್ಬಾದಾಗ ಕೇಳಿದಿ ಇಲ್ಲಪಾ? ಮಕ್ಕಾದವರು ತಮ್ಮ ಬೆಲೆಬಾಳೋ ವಸ್ತು ಯಾರ ಮನ್ಯಾಗ ಇಡ್ತಿದ್ದರು?”

ಪ್ರವಾದಿ(ಸ)ರ ಸಂದೇಶವನ್ನು ಒಪ್ಪದವರು, ಅವರನ್ನು ಊರು ಬಿಡುವಂತೆ ಮಾಡಿದವರು ಕೂಡ ತಮ್ಮ ಒತ್ತೆ ವಸ್ತುಗಳನ್ನು ಇಟ್ಟಿದ್ದು ಅವರ ಬಳಿಯೇ. ಹಿಜ್ರತ್‌ನ ಇರುಳು ಪ್ರಾಣಕ್ಕೆ ಅಪಾಯವಿದ್ದಾಗಲೂ ಆ ವಸ್ತುಗಳನ್ನು ಅವರವರಿಗೆ ಮರಳಿಸಲು ಪ್ರವಾದಿ(ಸ)ರು ಹಝ್ರತ್ ಅಲಿ(ರ)ಯವರನ್ನು ಮಕ್ಕಾದಲ್ಲಿ ಬಿಟ್ಟು ಹೋದರು. ವಸ್ತು ಇಟ್ಟವನ ಧರ್ಮ ಯಾವುದೆಂದು ಅಮಾನತ್ ಕೇಳುವುದಿಲ್ಲ. ಇಷ್ಟು ಹೇಳಿ ಹಾಫಿಜ್ ಸಾಹೇಬರು ಒಳಗೆ ನಡೆದರು. ಹುಡುಗನೂ ಹಿಂದೆಯೇ ಬಂದ.

ಒಳಗೆ ಮುಂದಾಳತ್ವ ಮಾಸ್ತರರದಾಯಿತು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕೆಂದು ಅವರು ತೋರಿಸಿಕೊಟ್ಟರು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಮಡಿದವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಅವನು ಸೇರಿದ ದೇವಲೋಕ. ತುದಿಯಲ್ಲಿ ಸೂರ್ಯ ಮತ್ತು ಚಂದ್ರ: ಅವು ಇರುವ ತನಕ ಇವನ ಹೆಸರೂ ಇರಲಿ ಎಂದು. ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತ ಸಾಮಾನ್ಯ ಆಳಿಗೂ ಇಂಥ ಕಲ್ಲು ನಿಲ್ಲುತ್ತಿತ್ತು. ಅರಬಿ, ಫಾರಸಿ ಅಕ್ಷರಗಳನ್ನು ಹಾಫಿಜ್ ಸಾಹೇಬರು ಓದಬಲ್ಲರು, ಹಳಗನ್ನಡವನ್ನು ಮಾಸ್ತರರು ಓದಬಲ್ಲರು. ಇಬ್ಬರಲ್ಲಿ ಒಬ್ಬರೇ ಬಂದಿದ್ದರೆ ಈ ಜಿಲ್ಲೆಯ ಅರ್ಧ ಚರಿತ್ರೆ ನಮಗೆ ಬರೀ ಕಲ್ಲಾಗಿ ಉಳಿಯುತ್ತಿತ್ತು.

ಹೊರಗೆ ಬೇವಿನ ನೆರಳಲ್ಲಿ ಬಾಳೆಹಣ್ಣು ಸುಲಿಯುತ್ತ ಕುಳಿತಾಗ ಮಾಸ್ತರರು ರಸ್ತೆಯ ಕಡೆ ಕೈ ಮಾಡಿದರು. ಇದೇ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಹೋದರೆ ಮಳಖೇಡ. ಸಾವಿರ ವರ್ಷದ ಹಿಂದೆ ಅದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಬಗ್ದಾದಿನಲ್ಲಿ ಹುಟ್ಟಿದ ಚರಿತ್ರೆಕಾರ ಅಲ್ ಮಸ್ಊದಿ 10ನೇ ಶತಮಾನದಲ್ಲಿ ಈ ಊರನ್ನು ‘ಮಾನ್ಕೀರ್’ ಎಂದೂ ಇಲ್ಲಿನ ಅರಸನನ್ನು ‘ಬಲ್ಹರಾ’ ಎಂದೂ ಕರೆದಿದ್ದಾನೆ. ವಲ್ಲಭರಾಜ ಎಂಬ ಬಿರುದು ಅರಬರ ಬಾಯಲ್ಲಿ ಹಾಗಾಯಿತು. ಹಿಂದ್ ಮತ್ತು ಸಿಂಧ್‌ನ ಅರಸರಲ್ಲಿ ಮುಸ್ಲಿಮರನ್ನು ಇವನಷ್ಟು ಗೌರವಿಸುವವರಿಲ್ಲ, ಇವನ ರಾಜ್ಯದಲ್ಲಿ ಮಸೀದಿಗಳಿವೆ ಎಂದೂ ಬರೆದಿದ್ದಾನೆ. ಇದು ಕಲಬುರಗಿ ಬಹಮನಿಗಳ ರಾಜಧಾನಿಯಾದ 1347ಕ್ಕಿಂತ ನಾಲ್ಕು ಶತಮಾನ ಹಿಂದಿನ ಮಾತು. ಆ ಮಸೀದಿಗಳು ಹೆಚ್ಚಾಗಿ ಪಶ್ಚಿಮ ಕರಾವಳಿಯ ರೇವುಪಟ್ಟಣಗಳಲ್ಲಿದ್ದವು. ಅಲ್ಲಿ ಅರಬ್ ವ್ಯಾಪಾರಿಗಳು ಮನೆ ಮಾಡಿ ನೆಲೆಸಿದ್ದರು.

ಅರಸ ತೋರಿದ ಆ ನಂಬಿಕೆಗೆ ಮುಸ್ಲಿಮರು ಹೇಗೆ ನಡೆದುಕೊಂಡರು? ಇದಕ್ಕೂ ಸಾಕ್ಷಿಯಿದೆ. ಮಹಾರಾಷ್ಟ್ರದ ಚಿಂಚಣಿಯಲ್ಲಿ ಸಿಕ್ಕ ಕ್ರಿ.ಶ. 926ರ ತಾಮ್ರಶಾಸನ ರಾಷ್ಟ್ರಕೂಟ ಅರಸ ಮೂರನೇ ಇಂದ್ರನ ಕಾಲದ್ದು. ಸಂಜಾನ್ ಪ್ರಾಂತವನ್ನು ಆಳುತ್ತಿದ್ದ ಅಧಿಕಾರಿ ಒಬ್ಬ ಅರಬ ಎಂದು ಅದರಿಂದ ತಿಳಿಯುತ್ತದೆ. ಶಾಸನದ ಸಂಸ್ಕೃತದಲ್ಲಿ ಅವನ ಹೆಸರು ‘ಮಧುಮತಿ’. ಇದು ಮುಹಮ್ಮದ್ ಎಂಬ ಹೆಸರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅವನು ಹೊಳೆ ದಾಟುವವರಿಗೆ ಉಚಿತ ದೋಣಿ ಇಡಿಸಿದ. ಅನ್ನ, ಪಲ್ಯ, ತುಪ್ಪ ಬಡಿಸುವ ಸತ್ರ ತೆರೆದ. ಒಬ್ಬ ಬ್ರಾಹ್ಮಣ ಕಟ್ಟಿಸಿದ ದೇವಿಯ ಮಠಕ್ಕೆ ಭೂಮಿ ದಾನವಾಗುವಂತೆ ನೋಡಿಕೊಂಡ. ಮಳಖೇಡದ ಅರಸ ಒಬ್ಬ ಮುಸ್ಲಿಮನ ಕೈಗೆ ಪ್ರಾಂತವನ್ನೇ ಒಪ್ಪಿಸಿದ್ದ. ಅವನು ತನ್ನ ದೀನ್ ಬಿಡದೆ ಆ ಅಮಾನತ್ ಕಾಪಾಡಿದ.

ಹುಡುಗರ ಮುಖ ಅರಳಿತು. “ಹಂಗಾದ್ರ ನಮ್ಮವರು ಬಾಳ ಛಲೋ ಇದ್ದರು” ಎಂದ ಒಬ್ಬ. ಮಾಸ್ತರರು ನಕ್ಕರು. “ಎಲ್ಲಾರೂ ಅಲ್ಲ. ನಡಿ, ಹಫ್ತ್ ಗುಂಬಜ್ ನೋಡಮು.”

ಜುಹರ್ ನಮಾಝ್ ಮುಗಿಸಿ ಅಲ್ಲಿಗೆ ಹೋದೆವು. ಬಹಮನಿ ಸುಲ್ತಾನರು ಅಲ್ಲಿ ಮಲಗಿದ್ದಾರೆ. 1378ರ ಒಂದೇ ವರ್ಷದಲ್ಲಿ ಮುಜಾಹಿದ್ ಶಾಹ್, ಅವನ ಹಿಂದೆಯೇ ದಾವೂದ್ ಶಾಹ್ ಕೊಲೆಯಾದರು. ಅಧಿಕಾರಕ್ಕಾಗಿ ಸ್ವಂತ ಬಂಧುಗಳೇ ಕತ್ತಿ ಹಿಡಿದ ಕಥೆ ಅದು. ವಿದ್ಯಾವಂತನೆಂದು ಹೆಸರಾದ ಫಿರೋಜ್ ಶಾಹ್ 1422ರಲ್ಲಿ ತಮ್ಮನಿಗೆ ಗದ್ದುಗೆ ಬಿಟ್ಟುಕೊಟ್ಟು ಅದೇ ವರ್ಷ ತೀರಿಕೊಂಡ. ಅದೇ 1422ರಲ್ಲಿ ಹಝ್ರತ್ ಖ್ವಾಜಾ ಬಂದೇ ನವಾಜ್(ರ)ರೂ ವಫಾತ್ ಆದರು. ಸುಲ್ತಾನನ ಭವ್ಯ ಗೋರಿಯ ಒಳಗೆ ಆ ಮಧ್ಯಾಹ್ನ ನಾವು ಎಂಟು ಜನ ಬಿಟ್ಟರೆ ಪಾರಿವಾಳಗಳಷ್ಟೇ ಇದ್ದವು. ಖ್ವಾಜಾರ ದರ್ಗಾದಲ್ಲಿ ಎಲ್ಲ ಜಾತಿ ಧರ್ಮದವರ ಸಾಲು ನಿಲ್ಲುವುದಿಲ್ಲ. ಹಿಂದಿನವರ ಕೊನೆ ಏನಾಯಿತೆಂದು ಭೂಮಿಯಲ್ಲಿ ಸಂಚರಿಸಿ ನೋಡಲು ಕುರ್‌ಆನ್ ಮತ್ತೆ ಮತ್ತೆ ಹೇಳುವುದು ಏಕೆಂದು ಹುಡುಗರಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಮರಳುವಾಗ ಮಾಸ್ತರರು ಸನ್ನತಿಯ ಮಾತೊಂದನ್ನು ಹೇಳಿದರು. ಅಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದು ಮೂರ್ತಿಗೆ ಧಕ್ಕೆಯಾಯಿತು. ನೋಡಿದರೆ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ! ತನ್ನ ಪಂಥವನ್ನು ಹೊಗಳಲು ಇನ್ನೊಬ್ಬರ ಪಂಥವನ್ನು ಹಳಿಯುವವನು ತನ್ನದಕ್ಕೇ ಕೇಡು ಮಾಡುತ್ತಾನೆ ಎಂಬ ಅಭಿಪ್ರಾಯವುಳ್ಳ ಹನ್ನೆರಡನೆಯ ಶಾಸನವೂ ಅದರಲ್ಲಿದೆ. ಬೌದ್ಧ ಅರಸನ ಮಾತನ್ನು, ಓದಲು ಬಾರದಿದ್ದರೂ, ದೇವಿಯ ಗುಡಿ ಅಷ್ಟು ಕಾಲ ತನ್ನ ಮಡಿಲಲ್ಲಿ ಇಟ್ಟುಕೊಂಡಿತ್ತು.

ಆಗ ಕಮಲಾಪುರದ ಗೆಳೆಯರೊಬ್ಬರು ಮೆಲ್ಲಗೆ ಬಾಯಿ ಬಿಟ್ಟರು. ಅವರ ಅಜ್ಜನ ಪೆಟ್ಟಿಗೆಯಲ್ಲಿ ಒಂದು ಕಟ್ಟು ಹಳೆಯ ಉರ್ದು, ಫಾರಸಿ ಕಾಗದಗಳಿದ್ದವಂತೆ. ಓದುವವರಿಲ್ಲವೆಂದು ಮನೆಗೆ ಸುಣ್ಣ ಹೊಡೆಸುವಾಗ ರದ್ದಿಗೆ ಹಾಕಿದರಂತೆ. “ಬ್ಯಾರೆಯವರದು ನಮ್ಮ ಗುಂಬಜಿನಾಗ ಜ್ವಾಕಿಯಿಂದ ಉಳಿದದ. ನಮ್ಮದೇ ನಾವು ಕಿಲೋ ಲೆಕ್ಕದಾಗ ಮಾರಿದೆವು” ಎಂದರು. ಯಾರೂ ಮಾತಾಡಲಿಲ್ಲ. ಹೆಚ್ಚು ಕಡಿಮೆ ನಮ್ಮೆಲ್ಲರ ಮನೆಯ ಕಥೆಯೂ ಅದೇ.

ಆದ್ದರಿಂದ ಓದುಗ ಸಹೋದರ ಸಹೋದರಿಯರೇ, ಒಂದು ಕೋರಿಕೆ. ಮನೆಯ ಹಳೆಯ ಸನದು, ನಿಕಾಹ್‌ನಾಮೆ, ಕೈಬರಹದ ಪುಸ್ತಕ ಯಾವುದನ್ನೂ ಎಸೆಯಬೇಡಿ, ಓದಬಲ್ಲವರಿಗೆ ತೋರಿಸಿ. ಒಂದು ರವಿವಾರ ಮಕ್ಕಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಿರಿ. ಅಲ್ಲಿರುವುದರಲ್ಲಿ ನಮ್ಮದೆಷ್ಟು, ಅವರದೆಷ್ಟು ಎಂದು ಎಣಿಸದೆ ಎಲ್ಲವನ್ನೂ ನೋಡಲು ಹೇಳಿ. ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಿದ್ದ ನಮ್ಮ ಹುಡುಗ ಈಗ ಮಾಸ್ತರರ ಮನೆಗೆ ಹಳಗನ್ನಡ ಅಕ್ಷರ ಕಲಿಯಲು ಹೋಗುತ್ತಿದ್ದಾನೆ.

ನಮ್ಮ ಕೈಗೆ ಬಂದ ಅಮಾನತ್‌ಗಳನ್ನು, ಅವು ಯಾರದೇ ಆಗಿರಲಿ, ಕಾಪಾಡುವ ತೌಫೀಕ್ ಅನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.